ನೆಲದಲ್ಲಿ ನಿಂತು ಅಳೆಯುವ ಆಕಾಶದ ಕಣಗಳು: ಅತಿ ಹೆಚ್ಚು ಶಕ್ತಿಯ ಕಾಸ್ಮಿಕ್ ಕಿರಣಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸ್ಮಿಕ್ ಕಿರಣಗಳ ಸುದ್ದಿ ಬಂದಾಗಲೆಲ್ಲ ಓದುಗರ ಕೈಗೆ ಸಿಗುವುದು ಒಂದು ಭಾರಿ ಸಂಖ್ಯೆ ಮಾತ್ರ. ಆ ಸಂಖ್ಯೆಯನ್ನು ಹೇಗೆ ಪಡೆದರು, ಎಷ್ಟರ ಮಟ್ಟಿಗೆ ನಂಬಬಹುದು ಎನ್ನುವ ವಿವರ ಅಷ್ಟಾಗಿ ಸಿಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅದೇ ಮುಖ್ಯ. ಯಾಕೆಂದರೆ ಇಲ್ಲಿ ಅಳೆಯಬೇಕಾದ ಕಣವನ್ನು ಯಾರೂ ನೋಡುವುದೇ ಇಲ್ಲ. ಅದು ಗಾಳಿಯಲ್ಲಿ ಒಡೆದು ಚೂರಾದ ಮೇಲೆ ಉಳಿದದ್ದನ್ನು ನೋಡಿ ಲೆಕ್ಕ ಹಾಕಬೇಕು.

ಕಾಸ್ಮಿಕ್ ಕಿರಣಗಳು ಅಂದರೆ ಯಾವ ಕಣಗಳು?

ಹೆಚ್ಚಿನವು ಪ್ರೋಟಾನ್‌ಗಳು. ಉಳಿದವುಗಳಲ್ಲಿ ಬಹುಪಾಲು ಹೀಲಿಯಂನಿಂದ ಹಿಡಿದು ಕಬ್ಬಿಣದವರೆಗಿನ ನ್ಯೂಕ್ಲಿಯಸ್‌ಗಳು. ಸ್ವಲ್ಪ ಎಲೆಕ್ಟ್ರಾನ್‌ಗಳೂ ಇವೆ. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ 5 ಕಿ.ಮೀ.ಗೂ ಮೇಲಕ್ಕೆ ಹೋಗಿ ವಿಕಿರಣ ಅಳೆದರು. ಮೇಲೆ ಹೋದಷ್ಟೂ ಅದು ಜಾಸ್ತಿಯಾಗುತ್ತಿತ್ತು. ಅಂದರೆ ಮೂಲ ನೆಲದಲ್ಲಿಲ್ಲ, ಹೊರಗಿದೆ. ಇದಕ್ಕೆ ಅವರಿಗೆ 1936ರಲ್ಲಿ ನೊಬೆಲ್ ಬಂತು.

ಉಪಗ್ರಹದಲ್ಲಿ ಒಂದು ಡಿಟೆಕ್ಟರ್ ಇಟ್ಟು ನೇರವಾಗಿ ಹಿಡಿಯಬಾರದೇ?

ಕಡಿಮೆ ಶಕ್ತಿಯ ಕಣಗಳನ್ನು ಹಾಗೇ ಹಿಡಿಯುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೇಲೆ 2011ರಿಂದ ಎಎಂಎಸ್-02 ಎಂಬ ಉಪಕರಣ ಇದೇ ಕೆಲಸ ಮಾಡುತ್ತಿದೆ. ಅದು ಕಣದ ಜಾತಿಯನ್ನೂ ಗುರುತಿಸುತ್ತದೆ.

ತೊಂದರೆ ಇರುವುದು ಸಂಖ್ಯೆಯಲ್ಲಿ. 10¹¹ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ) ಆಸುಪಾಸಿನ ಕಣಗಳು ಒಂದು ಚದರ ಮೀಟರಿಗೆ ಸೆಕೆಂಡಿಗೊಂದರಂತೆ ಬರುತ್ತವೆ. 10¹⁵ ದಾಟಿದರೆ ಅದೇ ಚದರ ಮೀಟರಿಗೆ ವರ್ಷಕ್ಕೆ ಕೆಲವು ಮಾತ್ರ. 10¹⁹ರ ಹತ್ತಿರ ಒಂದು ಚದರ ಕಿಲೋಮೀಟರಿಗೆ ವರ್ಷಕ್ಕೊಂದೂ ಸಿಗುವುದಿಲ್ಲ. 10²⁰ರಲ್ಲಿ ಶತಮಾನಕ್ಕೆ ಒಂದೂ ಖಾತ್ರಿಯಿಲ್ಲ. ಇವುಗಳನ್ನು ಹಿಡಿಯಲು ಸಾವಿರಾರು ಚದರ ಕಿಲೋಮೀಟರ್ ಡಿಟೆಕ್ಟರ್ ಬೇಕು. ಅಷ್ಟು ದೊಡ್ಡದನ್ನು ಮೇಲಕ್ಕೆ ಕಳಿಸಲಾಗದು. ಹಾಗಾಗಿ ನೆಲವೇ ಗತಿ, ಮತ್ತು ಗಾಳಿಯೇ ಡಿಟೆಕ್ಟರಿನ ಒಂದು ಭಾಗ.

ನೆಲಕ್ಕೆ ಬಂದು ಬಡಿಯುವುದು ಅದೇ ಕಣ ಅಲ್ವಾ?

ಅಲ್ಲ. ಹೊರಗಿನಿಂದ ಬಂದ ಪ್ರೋಟಾನ್ ನೆಲದಿಂದ ಹತ್ತಾರು ಕಿಲೋಮೀಟರ್ ಮೇಲೆಯೇ ಗಾಳಿಯ ಸಾರಜನಕ ಅಥವಾ ಆಮ್ಲಜನಕದ ನ್ಯೂಕ್ಲಿಯಸ್‌ಗೆ ಡಿಕ್ಕಿ ಹೊಡೆಯುತ್ತದೆ. ಆ ಡಿಕ್ಕಿಯಲ್ಲಿ ನೂರಾರು ಹೊಸ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಪಯಾನ್ ಎಂಬ ಅಲ್ಪಾಯುಷಿ ಕಣಗಳೇ ಹೆಚ್ಚು. ವಿದ್ಯುದಾವೇಶ ಇಲ್ಲದ ಪಯಾನ್ ತಕ್ಷಣ ಎರಡು ಗಾಮಾ ಕಿರಣಗಳಾಗಿ ಒಡೆಯುತ್ತದೆ. ಗಾಮಾದಿಂದ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿ, ಅವುಗಳಿಂದ ಮತ್ತೆ ಗಾಮಾ, ಹೀಗೆ ಸಂಖ್ಯೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಆವೇಶ ಇರುವ ಪಯಾನ್‌ಗಳು ಬೇರೆ ದಾರಿ ಹಿಡಿಯುತ್ತವೆ. ಶಕ್ತಿ ಜಾಸ್ತಿ ಇದ್ದರೆ ಮತ್ತೊಂದು ನ್ಯೂಕ್ಲಿಯಸ್‌ಗೆ ಗುದ್ದಿ ಇನ್ನಷ್ಟು ಪಯಾನ್ ಹುಟ್ಟಿಸುತ್ತವೆ. ಶಕ್ತಿ ಕಡಿಮೆಯಾದಾಗ ಮ್ಯೂಯಾನ್ (ಎಲೆಕ್ಟ್ರಾನಿನಂಥದೇ, ಆದರೆ ಹೆಚ್ಚು ಭಾರದ ಕಣ) ಮತ್ತು ನ್ಯೂಟ್ರಿನೊ (ಯಾವುದಕ್ಕೂ ಸುಲಭವಾಗಿ ತಾಗದ ಕಣ) ಆಗಿ ಒಡೆಯುತ್ತವೆ.

10¹⁹ ಎಲೆಕ್ಟ್ರಾನ್ ವೋಲ್ಟಿನ ಒಂದೇ ಒಂದು ಕಣದಿಂದ ಈ ಸುರಿಮಳೆ ಉತ್ತುಂಗಕ್ಕೆ ಏರುವ ಹೊತ್ತಿಗೆ ನೂರಾರು ಕೋಟಿ ಕಣಗಳಾಗಿರುತ್ತವೆ. ಆಮೇಲೆ ಒಂದೊಂದು ಕಣದ ಪಾಲಿಗೆ ಬರುವ ಶಕ್ತಿ ಕಮ್ಮಿಯಾಗಿ, ಹೊಸ ಕಣ ಹುಟ್ಟುವುದು ನಿಂತು, ಇರುವವೂ ಗಾಳಿಯಲ್ಲೇ ಕರಗತೊಡಗುತ್ತವೆ. ನೆಲ ಮುಟ್ಟುವುದು ಆ ಹಂತದಲ್ಲಿ ಉಳಿದಿರುವ ಕಣಗಳು. ಅವು ಹಲವು ಕಿಲೋಮೀಟರ್ ಅಗಲಕ್ಕೆ ಹರಡಿಕೊಂಡಿರುತ್ತವೆ.

ಫ್ರಾನ್ಸಿನ ಭೌತವಿಜ್ಞಾನಿ ಪಿಯರ್ ಆಗೆ ಮತ್ತು ಅವರ ಜೊತೆಗಾರರು 1938ರ ಸುಮಾರಿಗೆ ಇದನ್ನು ಪತ್ತೆ ಮಾಡಿದ ರೀತಿ ಸರಳ. ಒಂದಕ್ಕೊಂದು ದೂರ ಇಟ್ಟ ಡಿಟೆಕ್ಟರುಗಳು ಒಂದೇ ಕ್ಷಣದಲ್ಲಿ ಸದ್ದು ಮಾಡುತ್ತಿದ್ದವು. ಸುಮಾರು 300 ಮೀಟರ್ ದೂರ ಇಟ್ಟಾಗಲೂ ಹಾಗೇ ಆಯಿತು. ಎಲ್ಲವೂ ಒಂದೇ ಕಣದಿಂದ ಹುಟ್ಟಿರಬೇಕಾದರೆ ಆ ಕಣದ ಶಕ್ತಿ 10¹⁵ ಎಲೆಕ್ಟ್ರಾನ್ ವೋಲ್ಟ್ ಇರಬೇಕು ಎಂದು ಅವರು ಲೆಕ್ಕ ಹಾಕಿದರು. ಆ ಕಾಲದಲ್ಲಿ ಅಂಥ ಸಂಖ್ಯೆಯನ್ನು ಧೈರ್ಯವಾಗಿ ಬರೆದದ್ದೇ ದೊಡ್ಡದು.

ನೆಲದ ಮೇಲೆ ಏನಿಟ್ಟು ಅಳೆಯುತ್ತಾರೆ?

ಅರ್ಜೆಂಟೀನಾದ ಮಲಾರ್ಗ್ಯುವೆ ಊರಿನ ಹತ್ತಿರದ ಬಯಲಿನಲ್ಲಿರುವ ಪಿಯರ್ ಆಗೆ ವೀಕ್ಷಣಾಲಯವನ್ನೇ ತೆಗೆದುಕೊಳ್ಳಿ. ಸದ್ಯಕ್ಕೆ ಜಗತ್ತಿನಲ್ಲಿ ಇದೇ ಅತಿ ದೊಡ್ಡದು. 3,000 ಚದರ ಕಿಲೋಮೀಟರಿನಲ್ಲಿ 1,600ಕ್ಕೂ ಹೆಚ್ಚು ನೀರಿನ ಟ್ಯಾಂಕುಗಳಿವೆ. ಒಂದಕ್ಕೂ ಮತ್ತೊಂದಕ್ಕೂ ಒಂದೂವರೆ ಕಿಲೋಮೀಟರ್ ಅಂತರ.

ಒಂದು ಟ್ಯಾಂಕಿನ ಒಳಗೆ ಇಣುಕಿದರೆ ಹೀಗಿರುತ್ತದೆ. 3.6 ಮೀಟರ್ ವ್ಯಾಸ, 1.2 ಮೀಟರ್ ಆಳ, 12,000 ಲೀಟರ್ ಅತಿ ಶುದ್ಧ ನೀರು. ಒಳಗಿನ ಹೊದಿಕೆ ಬೆಳಕನ್ನು ಚದುರಿಸುವ ಬಿಳಿ ಹಾಳೆ. ಹೊರಗಿನ ಬೆಳಕು ಒಂದಿಷ್ಟೂ ಒಳಗೆ ಬರುವುದಿಲ್ಲ. ಮೇಲಿನಿಂದ, ಅತಿ ಮಂದ ಬೆಳಕನ್ನೂ ಹಿಡಿಯುವ ಮೂರು ಫೋಟೊಮಲ್ಟಿಪ್ಲೈಯರ್ ಟ್ಯೂಬುಗಳು ನೀರಿನತ್ತ ಮುಖ ಮಾಡಿರುತ್ತವೆ. ನೀರಿನಲ್ಲಿ ಬೆಳಕು ಹೋಗುವ ವೇಗಕ್ಕಿಂತ ಜೋರಾಗಿ ಒಂದು ಕಣ ತೂರಿಹೋದರೆ ಚೆರೆಂಕೋವ್ ಬೆಳಕು ಹುಟ್ಟುತ್ತದೆ. ಆ ನೀಲಿ ಮಿನುಗನ್ನು ಟ್ಯೂಬುಗಳು ಹಿಡಿಯುತ್ತವೆ. ಮೇಲೊಂದು ಸೋಲಾರ್ ಪ್ಯಾನೆಲ್, ಬ್ಯಾಟರಿ, ಜಿಪಿಎಸ್, ಆಂಟೆನಾ. ವಯರಿನ ಸಂಪರ್ಕ ಇಲ್ಲ.

ಇಷ್ಟು ಟ್ಯಾಂಕುಗಳನ್ನು ಒಂದೇ ಅಳತೆಗೆ ತರುವುದು ಹೇಗೆ? ಚಳಿ, ಬಿಸಿಲು, ಹಳೆಯದಾಗುವ ನೀರು, ಸವೆಯುವ ಟ್ಯೂಬು, ಎಲ್ಲವೂ ಸಿಗ್ನಲ್ ಬದಲಿಸುತ್ತವೆ. ಇದಕ್ಕೆ ಪ್ರಕೃತಿಯೇ ಒಂದು ತೂಕದ ಕಲ್ಲು ಕೊಟ್ಟಿದೆ. ಪ್ರತಿ ಟ್ಯಾಂಕಿನ ಮೂಲಕ ಸೆಕೆಂಡಿಗೆ ಸಾವಿರಾರು ಸಾಮಾನ್ಯ ಮ್ಯೂಯಾನ್‌ಗಳು ಹಾದುಹೋಗುತ್ತಿರುತ್ತವೆ. ನೇರವಾಗಿ ಮೇಲಿನಿಂದ ಕೆಳಕ್ಕೆ ಹೋಗುವ ಒಂದು ಮ್ಯೂಯಾನ್ ಕೊಡುವ ಬೆಳಕನ್ನೇ ಒಂದು ಮಾನವಾಗಿ ಇಟ್ಟುಕೊಂಡು, ಪ್ರತಿ ಟ್ಯಾಂಕೂ ತನ್ನನ್ನು ತಾನೇ ಮತ್ತೆ ಮತ್ತೆ ಸರಿಪಡಿಸಿಕೊಳ್ಳುತ್ತದೆ. ಈ ಉಪಾಯ ನನಗೆ ತುಂಬಾ ಇಷ್ಟ.

ಅಮೆರಿಕದ ಯೂಟಾದಲ್ಲಿರುವ ಟೆಲಿಸ್ಕೋಪ್ ಅರೇ ಬೇರೆ ದಾರಿ ಹಿಡಿದಿದೆ. ಅಲ್ಲಿ ನೀರಿಲ್ಲ. 3 ಚದರ ಮೀಟರಿನ 507 ಸಿಂಟಿಲೇಟರ್ (ಕಣ ತೂರಿದಾಗ ಮಿನುಗುವ ವಸ್ತು) ಪೆಟ್ಟಿಗೆಗಳು ಸುಮಾರು 700 ಚದರ ಕಿಲೋಮೀಟರಿನಲ್ಲಿ ಹರಡಿವೆ.

ಕಣ ಬಂದ ದಿಕ್ಕು ಹೇಗೆ ಗೊತ್ತಾಗುತ್ತದೆ?

ಅಳೆಯಬೇಕಾದವುಗಳಲ್ಲಿ ತುಸು ಸುಲಭದ್ದು ಇದೇ. ಸುರಿಮಳೆ ಓರೆಯಾಗಿ ಬಂದರೆ ಒಂದು ಟ್ಯಾಂಕು ಮೊದಲು ಮುಟ್ಟುತ್ತದೆ, ಇನ್ನೊಂದು ಆಮೇಲೆ. ನೆತ್ತಿಯಿಂದ 30 ಡಿಗ್ರಿ ವಾಲಿ ಬಂದರೆ, ಆ ದಿಕ್ಕಿನಲ್ಲಿ 1,500 ಮೀಟರ್ ದೂರದ ಎರಡು ಟ್ಯಾಂಕುಗಳ ನಡುವೆ 2.5 ಮೈಕ್ರೊಸೆಕೆಂಡ್ ವ್ಯತ್ಯಾಸ ಬರುತ್ತದೆ. ಜಿಪಿಎಸ್ ಗಡಿಯಾರ ಇದಕ್ಕಿಂತ ನೂರಾರು ಪಟ್ಟು ಸೂಕ್ಷ್ಮವಾಗಿ ಸಮಯ ಹೇಳುತ್ತದೆ.

ಆದರೆ ಸುರಿಮಳೆಯ ಮುಂಭಾಗ ಚಪ್ಪಟೆಯಾಗಿರುವುದಿಲ್ಲ, ಬಾಗಿರುತ್ತದೆ. ನಡುವಿನಿಂದ ದೂರ ಹೋದಂತೆ ದಪ್ಪವೂ ಆಗುತ್ತದೆ. ಅಲ್ಲಿ ಟ್ಯಾಂಕಿಗೆ ಬೀಳುವುದು ಕೆಲವೇ ಕಣಗಳು. ಅವುಗಳಲ್ಲಿ ಮೊದಲು ಬಂದದ್ದು ನಿಜಕ್ಕೂ ಮುಂಚೂಣಿಯದೇ, ಹಿಂದಿನದೇ ಎಂದು ಹೇಳಲಾಗದು. ಇದನ್ನೆಲ್ಲ ಲೆಕ್ಕಕ್ಕೆ ತಂದರೂ ಹೆಚ್ಚು ಶಕ್ತಿಯ ಕಣಗಳ ದಿಕ್ಕು ಒಂದು ಡಿಗ್ರಿಯ ಆಸುಪಾಸಿನ ನಿಖರತೆಯಲ್ಲಿ ಸಿಗುತ್ತದೆ.

ಶಕ್ತಿಯನ್ನು ಹೇಗೆ ಲೆಕ್ಕ ಹಾಕುತ್ತಾರೆ? ಎಲ್ಲ ಕಣಗಳನ್ನೂ ಎಣಿಸುತ್ತಾರಾ?

ಎಣಿಸಲಾಗುವುದಿಲ್ಲ. ಒಂದೂವರೆ ಕಿಲೋಮೀಟರಿಗೊಂದರಂತೆ ಇಟ್ಟ 10 ಚದರ ಮೀಟರಿನ ಟ್ಯಾಂಕುಗಳು ಇಡೀ ಸುರಿಮಳೆಯ ತೀರಾ ಚಿಕ್ಕ ಪಾಲನ್ನು ಮಾತ್ರ ನೋಡುತ್ತವೆ. ನಟ್ಟನಡುವೆ ಸಿಕ್ಕಿಕೊಂಡ ಟ್ಯಾಂಕಿನಲ್ಲಿ ಸಿಗ್ನಲ್ ಮಿತಿಮೀರಿ, ಅಳತೆಯೇ ಕೈಕೊಡುತ್ತದೆ. ದೂರದಲ್ಲಿರುವುದಕ್ಕೆ ಬಿಡಿಬಿಡಿ ಕಣಗಳಷ್ಟೇ ಸಿಗುತ್ತವೆ.

ನಡುವಿನ ಹತ್ತಿರ ಸಿಗ್ನಲ್ ಒಂದು ಸುರಿಮಳೆಯಿಂದ ಇನ್ನೊಂದಕ್ಕೆ ವಿಪರೀತ ಏರುಪೇರಾಗುತ್ತದೆ. ತೀರಾ ದೂರದಲ್ಲಿ ಕಣಗಳೇ ಕಡಿಮೆ. ಇವೆರಡರ ಮಧ್ಯೆ ಒಂದು ಅನುಕೂಲದ ದೂರ ಇದೆ. ಟ್ಯಾಂಕುಗಳ ಅಂತರ ಇದನ್ನು ನಿರ್ಧರಿಸುತ್ತದೆ. ಆಗೆಯಲ್ಲಿ ಅದು 1,000 ಮೀಟರ್, ಟೆಲಿಸ್ಕೋಪ್ ಅರೇಯಲ್ಲಿ 800 ಮೀಟರ್. ಅಷ್ಟು ದೂರದಲ್ಲಿ ಸಿಗ್ನಲ್ ಎಷ್ಟಿರಬೇಕಿತ್ತು ಎಂದು ಎಲ್ಲ ಟ್ಯಾಂಕುಗಳ ಅಳತೆಗೆ ಒಂದು ವಕ್ರರೇಖೆ ಹೊಂದಿಸಿ ಕಂಡುಕೊಳ್ಳುತ್ತಾರೆ. ಓರೆಯಾಗಿ ಬಂದ ಸುರಿಮಳೆ ಹೆಚ್ಚು ಗಾಳಿ ದಾಟಿ ಬಂದಿರುತ್ತದೆ, ಅದಕ್ಕೂ ತಿದ್ದುಪಡಿ ಬೇಕು.

ಇಷ್ಟಾದರೂ ಕೈಯಲ್ಲಿರುವುದು ಶಕ್ತಿಯಲ್ಲ, ಒಂದು ಸಿಗ್ನಲ್. ಅದನ್ನು ಎಲೆಕ್ಟ್ರಾನ್ ವೋಲ್ಟಿಗೆ ಬದಲಿಸಲು ಕಂಪ್ಯೂಟರ್ ಸಿಮ್ಯುಲೇಷನ್ ನಂಬಬಹುದು. ಆದರೆ ಸಿಮ್ಯುಲೇಷನ್ ಸರಿಯಿಲ್ಲದಿದ್ದರೆ ಎಲ್ಲ ಶಕ್ತಿಗಳೂ ಒಟ್ಟಿಗೇ ತಪ್ಪಾಗುತ್ತವೆ. ಅದಕ್ಕೇ ಇನ್ನೊಂದು ಸಾಕ್ಷಿ ಬೇಕು. ಆ ಸಾಕ್ಷಿಯೇ ಫ್ಲೋರೆಸೆನ್ಸ್ ದೂರದರ್ಶಕ.

ಫ್ಲೋರೆಸೆನ್ಸ್ ದೂರದರ್ಶಕ ಏನು ನೋಡುತ್ತದೆ? ಅದೊಂದೇ ಸಾಲದೇ?

ಸುರಿಮಳೆಯ ಕಣಗಳು ಹಾದುಹೋಗುವಾಗ ಗಾಳಿಯ ಸಾರಜನಕವನ್ನು ಕೆಣಕುತ್ತವೆ. ಅದು ಮಂದವಾದ ನೇರಳಾತೀತ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಗಾಳಿಯಲ್ಲಿ ಬಿಟ್ಟುಹೋದ ಶಕ್ತಿ ಎಷ್ಟೋ, ಬೆಳಕೂ ಅಷ್ಟೇ ಪ್ರಮಾಣದಲ್ಲಿರುತ್ತದೆ. ಹಾಗಾಗಿ ಬೆಳಕನ್ನು ಕೂಡಿಸಿದರೆ ಶಕ್ತಿ ಸಿಗುತ್ತದೆ. ನೆಲದಲ್ಲಿ ಉಳಿದದ್ದನ್ನು ಮಾತ್ರವಲ್ಲ, ಸುರಿಮಳೆ ಬೆಳೆದು ಇಳಿಯುವ ಇಡೀ ದಾರಿಯನ್ನೇ ನೋಡುವ ವಿಧಾನ ಇದು.

ಬೆಳಕು ಅತಿ ಮಂದ. ಒಂದು ಎಲೆಕ್ಟ್ರಾನ್ ಒಂದು ಮೀಟರ್ ಸಾಗಿದರೆ ಕೆಲವೇ ಫೋಟಾನ್‌ಗಳು. ಇದನ್ನು ಕಾಣಲು ಚಂದ್ರನಿಲ್ಲದ, ಮೋಡವಿಲ್ಲದ ರಾತ್ರಿ ಬೇಕು. ವರ್ಷದ ಒಟ್ಟು ಸಮಯದಲ್ಲಿ ಹೀಗೆ ಸಿಗುವುದು ಸುಮಾರು 15% ಮಾತ್ರ. ನೀರಿನ ಟ್ಯಾಂಕುಗಳೋ ಹಗಲು ರಾತ್ರಿ ಎನ್ನದೆ ದುಡಿಯುತ್ತವೆ. ಹಾಗಾಗಿ ಎರಡೂ ಕಂಡ ಸುರಿಮಳೆಗಳನ್ನು ಆರಿಸಿ, ದೂರದರ್ಶಕದ ಶಕ್ತಿಯಿಂದ ಟ್ಯಾಂಕಿನ ಸಿಗ್ನಲ್ಲಿಗೆ ಅಳತೆಗೋಲು ಮಾಡುತ್ತಾರೆ. ಆಮೇಲೆ ಅದನ್ನೇ ಉಳಿದ ಎಲ್ಲ ಸುರಿಮಳೆಗಳಿಗೆ ಹಾಕುತ್ತಾರೆ.

ಇಲ್ಲೂ ತೊಡಕುಗಳಿವೆ. ಬೆಳಕು 20-30 ಕಿಲೋಮೀಟರ್ ದಾಟಿ ಬರುವಾಗ ಧೂಳು, ಮಂಜು ಅದನ್ನು ಚದುರಿಸುತ್ತವೆ. ಆ ರಾತ್ರಿ ಗಾಳಿ ಎಷ್ಟು ತಿಳಿಯಾಗಿತ್ತು ಎಂಬುದು ಗೊತ್ತಿಲ್ಲದಿದ್ದರೆ, ದೂರದ ದೊಡ್ಡ ಸುರಿಮಳೆ ಚಿಕ್ಕದಾಗಿ ಕಾಣುತ್ತದೆ. ಅದಕ್ಕೇ ಬಯಲಿನ ನಡುವಿನಿಂದ ಲೇಸರ್ ಹಾರಿಸಿ, ಎಷ್ಟು ಬೆಳಕು ತಲುಪಿತು ಎಂದು ರಾತ್ರಿಯಿಡೀ ನೋಡುತ್ತಿರುತ್ತಾರೆ. ಲೇಸರ್ ಬೆಳಕು ಕಳಿಸಿ ಮರಳಿದ್ದನ್ನು ನೋಡುವ ಲೈಡಾರ್ ಉಪಕರಣದಿಂದ ಮೋಡದ ಎತ್ತರ ಅಳೆಯುತ್ತಾರೆ.

ಇನ್ನು, ನ್ಯೂಟ್ರಿನೊ ಮತ್ತು ಮ್ಯೂಯಾನ್‌ಗಳು ಹೊತ್ತೊಯ್ಯುವ ಶಕ್ತಿ ಗಾಳಿಯಲ್ಲಿ ಬೆಳಕಾಗುವುದೇ ಇಲ್ಲ. ಕಾಣದ ಈ ಪಾಲು ಹತ್ತರಿಂದ ಇಪ್ಪತ್ತು ಶೇಕಡಾ. ಅದನ್ನು ಅಂದಾಜಿಸಿ ಸೇರಿಸಬೇಕು. ಎಲ್ಲ ಸೇರಿ ಆಗೆಯ ಶಕ್ತಿಯ ಅಳತೆಗೋಲಿನಲ್ಲೇ ಸುಮಾರು 14% ಅನಿಶ್ಚಿತತೆ ಉಳಿದುಕೊಂಡಿದೆ.

14% ಅಂದರೆ ಚಿಕ್ಕದೇ ಅಲ್ವಾ? ಅದಕ್ಕೆ ಅಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳಬೇಕು?

ಕಣಗಳ ಸಂಖ್ಯೆ ಶಕ್ತಿ ಏರಿದಂತೆ ತೀರಾ ಕಡಿದಾಗಿ ಇಳಿಯುವುದರಿಂದ. ಶಕ್ತಿ ಹತ್ತು ಪಟ್ಟಾದರೆ, ಅದಕ್ಕಿಂತ ಮೇಲಿನ ಕಣಗಳ ಸಂಖ್ಯೆ ಸುಮಾರು ನೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಹೀಗಿರುವಾಗ ಎಲ್ಲ ಶಕ್ತಿಗಳನ್ನೂ 14% ಜಾಸ್ತಿ ಎಂದುಕೊಂಡರೆ, ಒಂದು ಗಡಿಯ ಮೇಲಿನ ಕಣಗಳ ಸಂಖ್ಯೆ 30% ಜಾಸ್ತಿ ಕಾಣುತ್ತದೆ. ತುತ್ತತುದಿಯಲ್ಲಿ ಇಳಿಜಾರು ಇನ್ನೂ ಕಡಿದು. ಅಲ್ಲಿ ಅದು 70%ರ ಹತ್ತಿರ ಹೋಗುತ್ತದೆ.

ಇದಕ್ಕಿಂತ ನಯವಾದ ಇನ್ನೊಂದು ಮೋಸ ಇದೆ. ಅಳತೆಗೋಲು ಸರಿಯಿದೆ, ಆದರೆ ಒಂದೊಂದು ಅಳತೆಯೂ ಆಚೀಚೆ ಜಾರುತ್ತದೆ ಎಂದುಕೊಳ್ಳಿ. ಕೆಳಗಿನ ಶಕ್ತಿಯ ಕಣಗಳು ಹೇರಳ. ಅವುಗಳಲ್ಲಿ ಸ್ವಲ್ಪವೇ ತಪ್ಪಿ ಮೇಲಕ್ಕೆ ಬಂದರೂ, ಮೇಲಿನ ವಿರಳ ಕಣಗಳ ನಡುವೆ ಅವೇ ಎದ್ದು ಕಾಣುತ್ತವೆ. ಮೇಲಿನಿಂದ ಕೆಳಕ್ಕೆ ಜಾರುವವು ಕಡಿಮೆ. ಹಾಗಾಗಿ ಯಾವ ತಿದ್ದುಪಡಿಯೂ ಇಲ್ಲದೆ ಸುಮ್ನೆ ಎಣಿಸಿದರೆ ಅತಿ ಹೆಚ್ಚು ಶಕ್ತಿಯ ಕಣಗಳು ಇರುವುದಕ್ಕಿಂತ ಜಾಸ್ತಿ ಸಿಗುತ್ತವೆ.

ಇದರ ಬಿಸಿ ಈ ಕ್ಷೇತ್ರಕ್ಕೆ ಚೆನ್ನಾಗಿಯೇ ತಟ್ಟಿದೆ. ಭೌತವಿಜ್ಞಾನಿಗಳಾದ ಗ್ರೈಸೆನ್, ಜಾಟ್ಸೆಪಿನ್ ಮತ್ತು ಕುಜ್ಮಿನ್ 1966ರಲ್ಲಿ ಒಂದು ಮಾತು ಹೇಳಿದ್ದರು. ಸುಮಾರು 5×10¹⁹ ದಾಟಿದ ಪ್ರೋಟಾನ್‌ಗಳು ವಿಶ್ವದಲ್ಲೆಲ್ಲ ತುಂಬಿರುವ ಮೈಕ್ರೊವೇವ್ ಬೆಳಕಿಗೆ ಗುದ್ದಿ ಶಕ್ತಿ ಕಳೆದುಕೊಳ್ಳಬೇಕು, ಆದ್ದರಿಂದ ತುಂಬಾ ದೂರದಿಂದ ಬರಲಾರವು. ಅಂದರೆ ಅಲ್ಲಿಂದಾಚೆ ಸಂಖ್ಯೆ ಥಟ್ಟನೆ ಕುಸಿಯಬೇಕು. ಜಪಾನಿನ ಅಗಾಸಾ ಪ್ರಯೋಗ ಸುಮಾರು 100 ಚದರ ಕಿಲೋಮೀಟರಿನಲ್ಲಿ ಸಿಂಟಿಲೇಟರ್ ಇಟ್ಟು ಅಳೆದು, ಕುಸಿತ ಕಾಣುತ್ತಿಲ್ಲ ಎಂದಿತು. 10²⁰ ದಾಟಿದ 11 ಸುರಿಮಳೆಗಳನ್ನು ಅದು ತೋರಿಸಿತ್ತು. ಯೂಟಾದ ಹೈರೆಸ್ ಪ್ರಯೋಗ ಫ್ಲೋರೆಸೆನ್ಸ್ ದೂರದರ್ಶಕಗಳಿಂದ ನೋಡಿ, ಕುಸಿತ ಇದೆ ಎಂದಿತು. ಎರಡೂ ಕಡೆಯವರು ಶ್ರದ್ಧೆಯಿಂದ ಕೆಲಸ ಮಾಡಿದವರೇ. ಹೊಸ ಭೌತಶಾಸ್ತ್ರವೇ ಬೇಕೇನೋ ಎಂದು ಎಷ್ಟೋ ಲೇಖನಗಳು ಬಂದವು. 2008ರಲ್ಲಿ ಹೈರೆಸ್ ಮತ್ತು ಆಗೆ ಎರಡೂ ಕುಸಿತವನ್ನು ಗಟ್ಟಿಯಾಗಿ ತೋರಿಸಿದ ಮೇಲೆ ಚರ್ಚೆ ತಣ್ಣಗಾಯಿತು. ಶಕ್ತಿಯ ಅಳತೆಗೋಲು ಸ್ವಲ್ಪ ಸರಿದರೆ ವಿಶ್ವದ ಬಗ್ಗೆ ನಮ್ಮ ತೀರ್ಮಾನವೇ ಹೇಗೆ ಸರಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕುಸಿತ ಇರುವುದು ನಿಜ. ಆದರೆ ಅದು ಆ ಮೂವರು ಹೇಳಿದ ಕಾರಣಕ್ಕೇ ಆಗುತ್ತಿದೆಯೋ, ಕಣಗಳಿಗೆ ವೇಗ ಕೊಡುವ ಮೂಲಗಳ ಶಕ್ತಿಯೇ ಅಲ್ಲಿಗೆ ಮುಗಿಯುತ್ತದೆಯೋ ಎಂಬುದು ಇನ್ನೂ ಬಗೆಹರಿದಿಲ್ಲ. ಅದನ್ನು ಬಗೆಹರಿಸಲು ಮುಂದಿನ ಪ್ರಶ್ನೆಗೆ ಉತ್ತರ ಬೇಕು.

ಬಂದದ್ದು ಪ್ರೋಟಾನೋ ಕಬ್ಬಿಣವೋ ಎಂದು ಹೇಗೆ ಹೇಳುತ್ತಾರೆ?

ನನ್ನ ಪ್ರಕಾರ ಇಡೀ ಕ್ಷೇತ್ರದ ಅತಿ ಕಷ್ಟದ ಪ್ರಶ್ನೆ ಇದು. ಶಕ್ತಿಯ ದಾಖಲೆಗಳು ಪತ್ರಿಕೆಗಳಲ್ಲಿ ಬರುತ್ತವೆ, ಆದರೆ ಕಣ ಯಾವುದು ಎಂದು ಗೊತ್ತಾಗದೆ ಆ ದಾಖಲೆಗಳಿಂದ ಹೆಚ್ಚು ಕಲಿಯಲಾಗುವುದಿಲ್ಲ.

ಮುಖ್ಯ ಸುಳಿವು ಸುರಿಮಳೆ ಉತ್ತುಂಗಕ್ಕೆ ಏರುವ ಜಾಗ. ಅದನ್ನು ಕಿಲೋಮೀಟರಿನಲ್ಲಿ ಹೇಳುವುದಿಲ್ಲ, ದಾಟಿ ಬಂದ ಗಾಳಿಯ ತೂಕದಲ್ಲಿ ಹೇಳುತ್ತಾರೆ. ಸಮುದ್ರ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ನೆತ್ತಿಯ ಮೇಲೆ ಸುಮಾರು 1,030 ಗ್ರಾಂ ಗಾಳಿ ಇದೆ. 10¹⁹ರ ಸುರಿಮಳೆಗಳ ಉತ್ತುಂಗ ಸರಾಸರಿ 750 ಗ್ರಾಂ ಹತ್ತಿರ. ಕಬ್ಬಿಣದ ನ್ಯೂಕ್ಲಿಯಸ್ ಒಂದು ಬಂದರೆ, ಅದು ಐವತ್ತಾರು ಚಿಕ್ಕ ಸುರಿಮಳೆಗಳು ಒಟ್ಟಿಗೆ ಬಂದಂತೆ ನಡೆದುಕೊಳ್ಳುತ್ತದೆ. ಒಂದೊಂದರ ಶಕ್ತಿಯೂ ಐವತ್ತಾರರಲ್ಲಿ ಒಂದು ಪಾಲು. ಹಾಗಾಗಿ ಅದು ಪ್ರೋಟಾನಿಗಿಂತ ಸುಮಾರು 100 ಗ್ರಾಂ ಮೇಲೆಯೇ ಉತ್ತುಂಗ ಮುಟ್ಟುತ್ತದೆ.

ಒಳ್ಳೆಯ ಫ್ಲೋರೆಸೆನ್ಸ್ ದೂರದರ್ಶಕ ಈ ಜಾಗವನ್ನು 20 ಗ್ರಾಂ ನಿಖರತೆಯಲ್ಲಿ ಹೇಳುತ್ತದೆ. ಹಾಗಾದರೆ ಸುಲಭವಾಯಿತಲ್ಲ ಅನ್ನಿಸಬಹುದು. ಇಲ್ಲ. ಪ್ರೋಟಾನ್‌ನ ಮೊದಲ ಡಿಕ್ಕಿ ಎಲ್ಲಿ ಆಗುತ್ತದೆ ಎನ್ನುವುದೇ ಅದೃಷ್ಟದ ಮಾತು. ಒಂದೇ ಶಕ್ತಿಯ ಎರಡು ಪ್ರೋಟಾನ್‌ಗಳ ಉತ್ತುಂಗಗಳ ನಡುವೆ ಸುಲಭವಾಗಿ 60 ಗ್ರಾಂ ವ್ಯತ್ಯಾಸ ಬರುತ್ತದೆ. ಹಾಗಾಗಿ ಒಂದು ಸುರಿಮಳೆ ತೋರಿಸಿ ಇದು ಪ್ರೋಟಾನ್, ಇದು ಕಬ್ಬಿಣ ಎಂದು ಬೆರಳು ಮಾಡಲಾಗದು. ಸಾವಿರಾರು ಸುರಿಮಳೆಗಳ ಸರಾಸರಿ ಮತ್ತು ಹರವು ನೋಡಿ, ಒಟ್ಟು ಬೆರಕೆ ಹೀಗಿರಬಹುದು ಎನ್ನಬಹುದು ಅಷ್ಟೇ.

ಆ ಮಾತಿಗೂ ಒಂದು ಷರತ್ತಿದೆ. ಪ್ರೋಟಾನಿನ ಉತ್ತುಂಗ ಎಲ್ಲಿರಬೇಕು ಎಂದು ಹೇಳುವುದು ಸಿಮ್ಯುಲೇಷನ್. ಅದರ ಹಿಂದಿರುವ ಕಣ ಡಿಕ್ಕಿಯ ಮಾದರಿಗಳು ಒಂದಕ್ಕೊಂದು ಪೂರ್ತಿ ಒಪ್ಪುವುದಿಲ್ಲ. ಆಗೆಯ ಅಳತೆಗಳ ಪ್ರಕಾರ 2×10¹⁸ರ ಆಸುಪಾಸಿನಲ್ಲಿ ಬೆರಕೆ ಅತಿ ಹಗುರ, ಅಲ್ಲಿಂದ ಮೇಲಕ್ಕೆ ಹೋದಂತೆ ಭಾರವಾಗುತ್ತದೆ. ಆ ಒಲವು ಸಾಕಷ್ಟು ಗಟ್ಟಿ. ಎಷ್ಟು ಭಾರ ಎಂಬ ಸಂಖ್ಯೆ ಮಾತ್ರ ಮಾದರಿಯ ಮೇಲೆ ನಿಂತಿದೆ.

ಮ್ಯೂಯಾನ್‌ಗಳನ್ನು ಎಣಿಸಿದರೆ ಉತ್ತರ ಸಿಗುವುದಿಲ್ಲವೇ?

ಸಿಗಬೇಕಿತ್ತು. ಕಬ್ಬಿಣದ ಸುರಿಮಳೆಯಲ್ಲಿ ಅದೇ ಶಕ್ತಿಯ ಪ್ರೋಟಾನ್ ಸುರಿಮಳೆಗಿಂತ ಮ್ಯೂಯಾನ್‌ಗಳು ಜಾಸ್ತಿ, ಸುಮಾರು 40%. ಆದರೆ ಎಣಿಸಲು ಹೋದಾಗ ಎದುರಾದದ್ದು ಒಂದು ದೊಡ್ಡ ಒಗಟು. ನಿಜವಾದ ಸುರಿಮಳೆಗಳಲ್ಲಿ ಸಿಮ್ಯುಲೇಷನ್ ಹೇಳುವುದಕ್ಕಿಂತ ಮ್ಯೂಯಾನ್‌ಗಳು ಜಾಸ್ತಿ ಇವೆ. 10¹⁹ರ ಹತ್ತಿರ, ಮಾದರಿಯನ್ನು ಅವಲಂಬಿಸಿ, 30ರಿಂದ 60% ಜಾಸ್ತಿ. ಉತ್ತುಂಗದ ಜಾಗ ನೋಡಿದರೆ ಬೆರಕೆ ನಡುವಿನ ತೂಕದ್ದು ಅನ್ನಿಸುತ್ತದೆ. ಮ್ಯೂಯಾನ್ ನೋಡಿದರೆ ಕಬ್ಬಿಣಕ್ಕಿಂತ ಭಾರ ಇರಬೇಕು ಅನ್ನಿಸುತ್ತದೆ. ಎರಡೂ ಒಟ್ಟಿಗೆ ನಿಜವಾಗಲಾರವು. ಅಂದರೆ ಮಾದರಿಯಲ್ಲೇ ಏನೋ ಕೊರತೆ ಇದೆ.

ಕಾರಣ ಹುಡುಕುವುದು ಯಾಕೆ ಕಷ್ಟ ಅಂದರೆ, ಈ ಶಕ್ತಿಯ ಡಿಕ್ಕಿಯನ್ನು ಯಾವ ಪ್ರಯೋಗಾಲಯದಲ್ಲೂ ಮಾಡಿ ನೋಡಲಾಗುವುದಿಲ್ಲ. ಜಿನೀವಾದ ಲಾರ್ಜ್ ಹ್ಯಾಡ್ರಾನ್ ಕೊಲೈಡರಿನ ಡಿಕ್ಕಿಗಳು ಸುಮಾರು 10¹⁷ರ ಕಾಸ್ಮಿಕ್ ಕಿರಣಕ್ಕೆ ಸಮ. 10²⁰ ಅದಕ್ಕಿಂತ ಸಾವಿರ ಪಟ್ಟು ಮೇಲೆ. ಜೊತೆಗೆ, ಅಲ್ಲಿನ ದೊಡ್ಡ ಡಿಟೆಕ್ಟರುಗಳು ಪಕ್ಕಕ್ಕೆ ಚಿಮ್ಮುವ ಕಣಗಳನ್ನು ಚೆನ್ನಾಗಿ ನೋಡುತ್ತವೆ. ಸುರಿಮಳೆಯನ್ನು ಮುಂದಕ್ಕೆ ಒಯ್ಯುವುದು ನೇರ ಮುಂದೆ ಹೋಗುವ ಕಣಗಳು. ಅವು ಕೊಳವೆಯೊಳಗೇ ಹೊರಟುಹೋಗುತ್ತವೆ. 2025ರಲ್ಲಿ ಆ ಕೊಲೈಡರಿನಲ್ಲಿ ಆಮ್ಲಜನಕದ ನ್ಯೂಕ್ಲಿಯಸ್‌ಗಳನ್ನು ಮೊದಲ ಬಾರಿಗೆ ಡಿಕ್ಕಿ ಹೊಡೆಸಿದರು. ನಮ್ಮ ಗಾಳಿಗೆ ಇಷ್ಟು ಹತ್ತಿರದ ಪ್ರಯೋಗ ಅಲ್ಲಿ ಹಿಂದೆ ಆಗಿರಲಿಲ್ಲ. ಅದರ ಫಲಿತಾಂಶಗಳನ್ನು ಈ ಕ್ಷೇತ್ರದವರು ಆಸೆಯಿಂದ ಕಾಯುತ್ತಿದ್ದಾರೆ.

ಒಂದು ಸೂಕ್ಷ್ಮ ಸುಳಿವು 2021ರಲ್ಲಿ ಸಿಕ್ಕಿತು. ಮ್ಯೂಯಾನ್ ಸಂಖ್ಯೆ ಒಂದು ಸುರಿಮಳೆಯಿಂದ ಇನ್ನೊಂದಕ್ಕೆ ಎಷ್ಟು ಏರುಪೇರಾಗುತ್ತದೆ ಎಂದು ಆಗೆ ತಂಡ ಅಳೆಯಿತು. ಅದು ಮಾದರಿಗಳಿಗೆ ಹೊಂದುತ್ತಿತ್ತು. ಏರುಪೇರು ಮುಖ್ಯವಾಗಿ ಮೊದಲ ಡಿಕ್ಕಿಯಲ್ಲಿ ಹುಟ್ಟುತ್ತದೆ. ಹಾಗಾಗಿ ಮೊದಲ ಡಿಕ್ಕಿಯಲ್ಲಿ ವಿಚಿತ್ರವಾದದ್ದೇನೋ ನಡೆಯುತ್ತಿದೆ ಎನ್ನುವುದಕ್ಕಿಂತ, ಪೀಳಿಗೆಯಿಂದ ಪೀಳಿಗೆಗೆ ಒಂದು ಚಿಕ್ಕ ತಪ್ಪು ಕೂಡಿಕೊಂಡು ದೊಡ್ಡದಾಗುತ್ತಿದೆ ಎನ್ನುವ ಕಡೆಗೆ ತೂಕ ವಾಲಿದೆ.

ಹವಾಮಾನದಿಂದ ಅಳತೆ ಕೆಡುತ್ತದೆಯೇ?

ಖಂಡಿತ. ಗಾಳಿಯ ಒತ್ತಡ ಏರಿದರೆ ಸುರಿಮಳೆ ಹೆಚ್ಚು ಗಾಳಿ ದಾಟಬೇಕು. ಗಾಳಿ ಬಿಸಿಯಾಗಿ ತೆಳುವಾದರೆ ಕಣಗಳು ಹೆಚ್ಚು ಅಗಲಕ್ಕೆ ಹರಡುತ್ತವೆ. ಹಗಲು ಒಂದು ಸಿಗ್ನಲ್, ರಾತ್ರಿ ಇನ್ನೊಂದು. ವ್ಯತ್ಯಾಸ ಚಿಕ್ಕದೇ. ಆದರೆ ಹುಡುಕುತ್ತಿರುವುದೂ ಚಿಕ್ಕದನ್ನೇ. ಆಗೆ 2017ರಲ್ಲಿ 8×10¹⁸ ಮೀರಿದ 30,000ಕ್ಕೂ ಹೆಚ್ಚು ಕಣಗಳನ್ನು ನೋಡಿ, ಆಕಾಶದ ಒಂದು ಕಡೆಯಿಂದ ಅವು ತುಸು ಜಾಸ್ತಿ ಬರುತ್ತಿವೆ ಎಂದು ತೋರಿಸಿತು. ಆ ಅಸಮತೆ ಬರೀ 6.5%. ದಿನದ ಬಿಸಿಲು ಚಳಿಯ ಏರಿಳಿತವನ್ನು ತೆಗೆಯದೆ ಹೋಗಿದ್ದರೆ ಆ ಮಾತಿಗೆ ಬೆಲೆ ಇರುತ್ತಿರಲಿಲ್ಲ.

ದಕ್ಷಿಣ ಧ್ರುವದ ಐಸ್‌ಟಾಪ್ ಪ್ರಯೋಗಕ್ಕೆ ಬೇರೆಯೇ ತಲೆನೋವು. ಅಲ್ಲಿ ಡಿಟೆಕ್ಟರುಗಳ ಮೇಲೆ ವರ್ಷವರ್ಷ ಹಿಮ ಕೂಡುತ್ತಲೇ ಹೋಗುತ್ತದೆ. ಎಲೆಕ್ಟ್ರಾನ್‌ಗಳು ಆ ಹಿಮದಲ್ಲೇ ನಿಲ್ಲುತ್ತವೆ, ಮ್ಯೂಯಾನ್‌ಗಳು ತೂರಿಬರುತ್ತವೆ. ಪ್ರತಿ ಡಿಟೆಕ್ಟರಿನ ಮೇಲಿನ ಹಿಮದ ಎತ್ತರವನ್ನು ಲೆಕ್ಕದಲ್ಲಿಡಬೇಕು.

ಗುಡುಗು ಮೋಡಗಳ ವಿದ್ಯುತ್ ಕ್ಷೇತ್ರವೂ ಕಣಗಳನ್ನು ಎಳೆದಾಡುತ್ತದೆ. ಇದನ್ನು ಕಿರಿಕಿರಿ ಎಂದು ಬಿಡದೆ ಉಪಯೋಗಿಸಿಕೊಂಡವರೂ ಇದ್ದಾರೆ. ಊಟಿಯ ಗ್ರೇಪ್ಸ್-3 ಪ್ರಯೋಗದ ದೊಡ್ಡ ಮ್ಯೂಯಾನ್ ಡಿಟೆಕ್ಟರಿನಲ್ಲಿ 2014ರ ಡಿಸೆಂಬರ್ 1ರ ಗುಡುಗುಮಳೆಯ ಹೊತ್ತು ಮ್ಯೂಯಾನ್‌ಗಳ ಸಂಖ್ಯೆ ಇಳಿಯಿತು. ಆ ಇಳಿತದಿಂದ ಲೆಕ್ಕ ಹಾಕಿದಾಗ ಮೋಡದೊಳಗಿನ ವೋಲ್ಟೇಜ್ 130 ಕೋಟಿ ವೋಲ್ಟ್ ಎಂದು ಬಂತು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು.

ಡಿಟೆಕ್ಟರುಗಳನ್ನು ಬೆಟ್ಟದ ಮೇಲೆ ಇಟ್ಟರೆ ಒಳ್ಳೆಯದಲ್ಲವೇ?

ಯಾವ ಶಕ್ತಿ ಬೇಕು ಎನ್ನುವುದರ ಮೇಲೆ ಹೋಗುತ್ತದೆ. ಸುರಿಮಳೆಯ ಉತ್ತುಂಗದ ಹತ್ತಿರ ಅಳೆದರೆ ಏರುಪೇರು ಕಡಿಮೆ. 10¹⁵ರ ಸುರಿಮಳೆಗಳು ಬೇಗ ಉತ್ತುಂಗ ಮುಟ್ಟುತ್ತವೆ. ಅದಕ್ಕೇ ಚೀನಾದ ಲಾಸೊ ವೀಕ್ಷಣಾಲಯ 4,410 ಮೀಟರ್ ಎತ್ತರದಲ್ಲಿದೆ. 10¹⁹ರ ಸುರಿಮಳೆಗೆ ಅಷ್ಟು ಎತ್ತರ ಬೇಡ. ಆಗೆ ಇರುವುದು 1,400 ಮೀಟರಿನಲ್ಲಿ.

ರೇಡಿಯೊ ಆಂಟೆನಾಗಳಿಂದಲೂ ಅಳೆಯಬಹುದಂತೆ, ಹೌದಾ?

ಹೌದು. ಭೂಮಿಯ ಕಾಂತಕ್ಷೇತ್ರ ಎಲೆಕ್ಟ್ರಾನ್‌ಗಳನ್ನು ಒಂದು ಕಡೆಗೂ ಪಾಸಿಟ್ರಾನ್‌ಗಳನ್ನು ಇನ್ನೊಂದು ಕಡೆಗೂ ಎಳೆಯುತ್ತದೆ. ಇದರಿಂದ ಕೆಲವೇ ನ್ಯಾನೊಸೆಕೆಂಡಿನ ರೇಡಿಯೊ ಮಿಡಿತ ಹುಟ್ಟುತ್ತದೆ. ರೇಡಿಯೊಗೆ ಹಗಲು, ಬೆಳದಿಂಗಳು, ಧೂಳು ಯಾವುದರ ಹಂಗೂ ಇಲ್ಲ. ಗುಡುಗು ಮಾತ್ರ ಆಗುವುದಿಲ್ಲ. ನೆದರ್ಲೆಂಡ್ಸಿನ ಲೋಫಾರ್ ರೇಡಿಯೊ ದೂರದರ್ಶಕ ಉತ್ತುಂಗದ ಜಾಗವನ್ನು ಫ್ಲೋರೆಸೆನ್ಸಿಗೆ ಸರಿಸಮನಾದ ನಿಖರತೆಯಲ್ಲಿ ಹೇಳಿ ತೋರಿಸಿದೆ. ಅಡ್ಡಿ ಎಂದರೆ ಮನುಷ್ಯರು ಮಾಡುವ ರೇಡಿಯೊ ಗದ್ದಲ. ಜೊತೆಗೆ ನೇರ ಮೇಲಿನಿಂದ ಬರುವ ಸುರಿಮಳೆಯ ರೇಡಿಯೊ ಹೆಜ್ಜೆ ಚಿಕ್ಕದು, ಆಂಟೆನಾಗಳನ್ನು ಒತ್ತೊತ್ತಾಗಿ ಇಡಬೇಕು. ಚೆನ್ನಾಗಿ ಓರೆಯಾಗಿ ಬಂದವು ಮಾತ್ರ ಹಲವು ಕಿಲೋಮೀಟರ್ ಹರಡುತ್ತವೆ.

ದಾಖಲೆ ಶಕ್ತಿಯ ಕಣಗಳು ಎಲ್ಲಿಂದ ಬಂದವು ಎಂದು ಗೊತ್ತಾಗಿದೆಯೇ?

ಇಲ್ಲ. 1991ರ ಅಕ್ಟೋಬರ್ 15ರಂದು ಯೂಟಾದ ಫ್ಲೈಸ್ ಐ ಎಂಬ ಫ್ಲೋರೆಸೆನ್ಸ್ ಪ್ರಯೋಗ 3.2×10²⁰ ಎಲೆಕ್ಟ್ರಾನ್ ವೋಲ್ಟಿನ ಕಣವನ್ನು ಕಂಡಿತು. ಸುಮಾರು 51 ಜೌಲ್. ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋಗುವ ಕ್ರಿಕೆಟ್ ಚೆಂಡಿನ ಶಕ್ತಿ ಒಂದೇ ಕಣದಲ್ಲಿ! 2021ರ ಮೇ 27ರಂದು ಟೆಲಿಸ್ಕೋಪ್ ಅರೇಗೆ 2.4×10²⁰ರ ಇನ್ನೊಂದು ಸಿಕ್ಕಿತು. ಅದಕ್ಕೆ ಅಮತೆರಾಸು ಎಂದು ಹೆಸರಿಟ್ಟರು. 23 ಪೆಟ್ಟಿಗೆಗಳು ಅದನ್ನು ಹಿಡಿದವು. ಹಿಂದಿನ ದಿನವಷ್ಟೇ ಹುಣ್ಣಿಮೆ, ಶಕ್ತಿಯನ್ನು ನೆಲದ ಡಿಟೆಕ್ಟರುಗಳಿಂದಲೇ ಲೆಕ್ಕ ಹಾಕಬೇಕಾಯಿತು.

ಅಮತೆರಾಸು ಬಂದ ದಿಕ್ಕಿನಲ್ಲಿ ಗ್ಯಾಲಕ್ಸಿಗಳೇ ಅಪರೂಪ. ಅದು ಪ್ರೋಟಾನ್ ಆಗಿದ್ದರೆ ನಮ್ಮ ಗ್ಯಾಲಕ್ಸಿಯ ಕಾಂತಕ್ಷೇತ್ರ ಅದನ್ನು ಕೆಲವೇ ಡಿಗ್ರಿ ಬಾಗಿಸಿರುತ್ತದೆ. ಕಬ್ಬಿಣವಾಗಿದ್ದರೆ 26 ಪಟ್ಟು ಜಾಸ್ತಿ ಬಾಗಿರುತ್ತದೆ, ಆಗ ಬಂದ ದಿಕ್ಕಿಗೂ ಹೊರಟ ದಿಕ್ಕಿಗೂ ಸಂಬಂಧವೇ ಉಳಿಯುವುದಿಲ್ಲ. ಮತ್ತೆ ಅದೇ ಪ್ರಶ್ನೆಗೆ ಬಂದು ನಿಂತೆವು, ಕಣ ಯಾವುದು?

ಎರಡು ವೀಕ್ಷಣಾಲಯಗಳ ಅಳತೆ ಒಂದೇ ರೀತಿ ಇದೆಯೇ?

ಬಹುಮಟ್ಟಿಗೆ. ಆಗೆ ಮತ್ತು ಟೆಲಿಸ್ಕೋಪ್ ಅರೇಯ ಶಕ್ತಿಯ ಅಳತೆಗೋಲುಗಳಲ್ಲಿ ಸುಮಾರು 9% ವ್ಯತ್ಯಾಸ ಇದೆ. ಅದನ್ನು ಸರಿಹೊಂದಿಸಿದರೆ ಎರಡು ರೇಖೆಗಳೂ ಕೂಡುತ್ತವೆ. ಆದರೆ ತುತ್ತತುದಿಯಲ್ಲಿ ಟೆಲಿಸ್ಕೋಪ್ ಅರೇ ಹೆಚ್ಚು ಕಣಗಳನ್ನು ಕಾಣುತ್ತದೆ. ಒಂದು ಉತ್ತರಾರ್ಧದ ಆಕಾಶ ನೋಡುತ್ತದೆ, ಇನ್ನೊಂದು ದಕ್ಷಿಣದ್ದು. ಆಕಾಶವೇ ಬೇರೆಯೋ, ಉಪಕರಣ ಬೇರೆಯಾದ್ದರಿಂದ ಹೀಗೋ ಎಂದು ಎರಡೂ ತಂಡಗಳು ಒಟ್ಟಿಗೆ ಕೂತು ಹುಡುಕುತ್ತಿವೆ. ಪೈಪೋಟಿಯಲ್ಲಿರುವ ತಂಡಗಳು ಹೀಗೆ ಜೊತೆಯಾಗಿ ಕೆಲಸ ಮಾಡುವುದು ಈ ಕ್ಷೇತ್ರದ ಒಳ್ಳೆಯ ಗುಣ.

ಮುಂದೆ ಏನು ಸುಧಾರಣೆ ಆಗುತ್ತಿದೆ?

ಆಗೆಯಲ್ಲಿ ನೀರಿನ ಟ್ಯಾಂಕುಗಳ ನೆತ್ತಿಯ ಮೇಲೆ ಸಿಂಟಿಲೇಟರ್ ಹಲಗೆಗಳನ್ನೂ ರೇಡಿಯೊ ಆಂಟೆನಾಗಳನ್ನೂ ಕೂರಿಸಿದ್ದಾರೆ. ತೆಳುವಾದ ಸಿಂಟಿಲೇಟರ್ ಎಲೆಕ್ಟ್ರಾನನ್ನೂ ಮ್ಯೂಯಾನನ್ನೂ ಹೆಚ್ಚುಕಡಿಮೆ ಸಮನಾಗಿ ಎಣಿಸುತ್ತದೆ. ಆಳವಾದ ನೀರಿನಲ್ಲಿ ಮ್ಯೂಯಾನ್ ಬಹಳ ಹೆಚ್ಚು ಬೆಳಕು ಕೊಡುತ್ತದೆ. ಒಂದೇ ಜಾಗದಲ್ಲಿ ಒಂದೇ ಸುರಿಮಳೆಯನ್ನು ಎರಡೂ ಅಳೆದರೆ, ಅವುಗಳ ವ್ಯತ್ಯಾಸದಿಂದ ಮ್ಯೂಯಾನ್‌ಗಳ ಪಾಲು ಹೊರಬೀಳುತ್ತದೆ. ಅದೂ ಹಗಲು ರಾತ್ರಿ, ಪ್ರತಿ ಸುರಿಮಳೆಗೂ. ಕಣದ ಜಾತಿಯ ಪ್ರಶ್ನೆಗೆ ಈಗಿರುವ ಅತ್ಯುತ್ತಮ ದಾರಿ ಇದೇ ಎಂದು ನನ್ನ ನಂಬಿಕೆ. ಯೂಟಾದಲ್ಲಿ ಟೆಲಿಸ್ಕೋಪ್ ಅರೇಯ ವಿಸ್ತೀರ್ಣವನ್ನು ನಾಲ್ಕು ಪಟ್ಟು ಮಾಡುವ ಕೆಲಸ ನಡೆದಿದೆ.

ಈ ಅಳತೆಗಳನ್ನು ಸಾಮಾನ್ಯರು ನೋಡಬಹುದೇ?

ನೋಡಬಹುದು. ಆಗೆ ತಂಡ 2021ರಲ್ಲಿ ತನ್ನ ಅಳತೆಗಳ 10%ನಷ್ಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಒಂದೊಂದು ಸುರಿಮಳೆಗೂ ಯಾವ ಟ್ಯಾಂಕಿಗೆ ಎಷ್ಟು ಹೊತ್ತಿಗೆ ಎಷ್ಟು ಸಿಗ್ನಲ್ ಬಂತು ಎಂಬುದು ಅಲ್ಲಿದೆ, ಜೊತೆಗೆ ಪೈಥಾನ್‌ನಲ್ಲಿ ಬರೆದ ಉದಾಹರಣೆಗಳೂ ಇವೆ. ಜರ್ಮನಿಯ ಕಾರ್ಲ್ಸ್‌ರೂಯೆಯಲ್ಲಿದ್ದ ಕ್ಯಾಸ್ಕೇಡ್ ಪ್ರಯೋಗದ ಅಳತೆಗಳೂ ಮುಕ್ತವಾಗಿ ಸಿಗುತ್ತವೆ. ಶುರು ಮಾಡುವವರು ಒಂದೇ ಒಂದು ಸುರಿಮಳೆ ಆರಿಸಿಕೊಂಡು, ಟ್ಯಾಂಕುಗಳ ಸಮಯದಿಂದ ಅದರ ದಿಕ್ಕನ್ನು ತಾವೇ ಲೆಕ್ಕ ಹಾಕಿ ನೋಡಲಿ. ಪಿಯುಸಿಯ ತ್ರಿಕೋನಮಿತಿ ಸಾಕು. ಮೊದಲು ಮುಂಭಾಗ ಚಪ್ಪಟೆ ಎಂದುಕೊಂಡು ಮಾಡಿ, ಆಮೇಲೆ ಬಾಗಿದೆ ಎಂದುಕೊಂಡು ಮಾಡಿ. ಎರಡು ಉತ್ತರಗಳನ್ನೂ ತಂಡ ಕೊಟ್ಟಿರುವ ದಿಕ್ಕಿನ ಪಕ್ಕದಲ್ಲಿಟ್ಟು ಹೋಲಿಸಿ.